ಒಂದೇ ಘಟ್ಟ, ಎರಡು ನಕ್ಷೆ: ಪಶ್ಚಿಮಘಟ್ಟದ ಜಗಳದಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆ

ಪಶ್ಚಿಮಘಟ್ಟದ ಮಾತು ಬಂದರೆ ಎರಡು ಹೆಸರು ತಾನಾಗಿ ಬಾಯಿಗೆ ಬರುತ್ತವೆ. ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ. ಘಟ್ಟದ ಯಾವ ಭಾಗ ಪರಿಸರದ ದೃಷ್ಟಿಯಿಂದ ಸೂಕ್ಷ್ಮ, ಅದನ್ನು ಹೇಗೆ ಕಾಪಾಡಬೇಕು ಅಂತ ಹೇಳಲು ಕೇಂದ್ರ ಸರ್ಕಾರ ಮಾಡಿದ ಎರಡು ಸಮಿತಿಗಳ ವರದಿಗಳಿವು. ಒಂದು ಬಿಗಿ, ಇನ್ನೊಂದು ಸಡಿಲ. ಒಂದು ಕಾಡಿನ ಪರ, ಇನ್ನೊಂದು ಸರ್ಕಾರದ ಪರ. ಮಲೆನಾಡಿನ ಹೋಟೆಲಿನಲ್ಲಾಗಲಿ ಟಿವಿ ಚರ್ಚೆಯಲ್ಲಾಗಲಿ ಮಾತು ಹೆಚ್ಚುಕಡಿಮೆ ಇಷ್ಟಕ್ಕೇ ನಿಂತುಬಿಡುತ್ತದೆ. ಎರಡೂ ವರದಿಗಳ ಒಳಗಿರುವುದು ನಕ್ಷೆ. ಆ ನಕ್ಷೆ ಹೇಗೆ ತಯಾರಾಯಿತು ಅಂತ ಕೇಳುವವರು ಕಡಿಮೆ.

ಎರಡೂ ಸಮಿತಿಗಳು ಘಟ್ಟವನ್ನು ಜಿಐಎಸ್ ಅನ್ನುವ ಕಂಪ್ಯೂಟರ್ ನಕ್ಷೆ ವ್ಯವಸ್ಥೆಯಲ್ಲಿ ಇಟ್ಟು ಅಳೆದವು. ಆದರೆ ಅಳೆಯುವ ಮೊದಲು ಘಟ್ಟವನ್ನು ತುಂಡು ಮಾಡಿಕೊಳ್ಳಬೇಕಲ್ವಾ? ಅಲ್ಲೇ ಇಬ್ಬರ ದಾರಿ ಬೇರೆಯಾಯಿತು. ಒಬ್ಬರದು ದೊಡ್ಡ ಚೌಕ, ಇನ್ನೊಬ್ಬರದು ಉಪಗ್ರಹದ ಸಣ್ಣ ಚುಕ್ಕಿ. ಒಬ್ಬರು ತಾಲ್ಲೂಕಿನ ಲೆಕ್ಕದಲ್ಲಿ ಮಾತಾಡಿದರು, ಇನ್ನೊಬ್ಬರು ಊರಿನ ಲೆಕ್ಕದಲ್ಲಿ. ಆಮೇಲೆ ನಡೆದ ಜಗಳದಲ್ಲಿ ಒಳ್ಳೆಯ ಪಾಲು ಈ ಆಯ್ಕೆಯಿಂದಲೇ ಹುಟ್ಟಿದ್ದು ಅನ್ನುವುದು ನನ್ನ ಅನಿಸಿಕೆ.

ಸಮ್ಮೇಳನಗಳಲ್ಲಿ ಹಳೆಯದಾಗಿರುವ ಪ್ರಶ್ನೆ

ಜಿಐಎಸ್ ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರ್ ಅಂತ ತುಂಬ ಜನ ತಿಳಿದಿದ್ದಾರೆ. 1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಕೆನಡಾ ಸರ್ಕಾರಕ್ಕೆ ಅದನ್ನು ಕಟ್ಟಿಕೊಟ್ಟಾಗ ಅದು ಹಾಗೇ ಇತ್ತು. ಯಾವ ಭೂಮಿ ಯಾವುದಕ್ಕೆ ಸರಿ ಅಂತ ಲೆಕ್ಕ ಹಾಕುವ ಒಂದು ವ್ಯವಸ್ಥೆ. 1990ರಲ್ಲಿ ಜ್ಯೂರಿಕ್‌ನ ಸಮ್ಮೇಳನವೊಂದರಲ್ಲಿ ಭೂಗೋಳಶಾಸ್ತ್ರಜ್ಞ ಮೈಕೆಲ್ ಗುಡ್‌ಚೈಲ್ಡ್ ಬೇರೆ ಮಾತು ಎತ್ತಿದರು. ಈ ಉಪಕರಣದ ಹಿಂದೆ ಒಂದು ವಿಜ್ಞಾನವೇ ಇದೆ, ಅದರ ಪ್ರಶ್ನೆಗಳನ್ನು ಬೇರೆಯಾಗಿ ಕೇಳಬೇಕು ಅಂದರು. ಅಲ್ಲಿಂದ ಭೂಮಾಹಿತಿ ವಿಜ್ಞಾನ ಅನ್ನುವ ವಿಷಯವೇ ಬೆಳೆಯಿತು. 2000ದಲ್ಲಿ ಅಮೆರಿಕದ ಸವಾನಾ ಊರಿನಲ್ಲಿ ಅದಕ್ಕೆಂದೇ ಒಂದು ಸಮ್ಮೇಳನ ಶುರುವಾಗಿ, ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತಾ ಬಂದಿದೆ.

ಈ ವಿಷಯದವರು ಮತ್ತೆ ಮತ್ತೆ ಚರ್ಚಿಸುವ ಒಂದು ಹಳೆಯ ತಲೆನೋವಿದೆ. ಮಾಹಿತಿ ಅದೇ ಇದ್ದರೂ, ಅದನ್ನು ಕೂಡಿಸುವ ಗಡಿಯನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಬ್ರಿಟನ್ನಿನ ಸ್ಟ್ಯಾನ್ ಓಪನ್‌ಶಾ ಮತ್ತು ಪೀಟರ್ ಟೇಲರ್ 1979ರಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿದರು. ಅಮೆರಿಕದ ಅಯೋವಾ ರಾಜ್ಯದಲ್ಲಿ 99 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಅಲ್ಲಿ ವಯಸ್ಸಾದವರ ಪ್ರಮಾಣಕ್ಕೂ ರಿಪಬ್ಲಿಕನ್ ಪಕ್ಷಕ್ಕೆ ಬಿದ್ದ ಮತಕ್ಕೂ ಎಷ್ಟು ಸಂಬಂಧ ಇದೆ ಅನ್ನುವುದು ಪ್ರಶ್ನೆ. ಕೌಂಟಿಗಳನ್ನು ಬೇರೆ ಬೇರೆ ರೀತಿ ಗುಂಪು ಮಾಡುತ್ತಾ ಹೋದರು. ಒಂದು ಗುಂಪಿನಲ್ಲಿ ಸಂಬಂಧ ಬಲವಾಗಿ ಕಂಡಿತು. ಇನ್ನೊಂದರಲ್ಲಿ ಪೂರ್ತಿ ಉಲ್ಟಾ. ಸಂಬಂಧ ಅಳೆಯುವ ಅಂಕಿಯಲ್ಲಿ ಮೈನಸ್ ಒಂದು ಅಂದರೆ ಪೂರ್ತಿ ಉಲ್ಟಾ, ಪ್ಲಸ್ ಒಂದು ಅಂದರೆ ಪೂರ್ತಿ ಜೊತೆಜೊತೆ; ಮೈನಸ್ ಒಂದರ ಹತ್ತಿರದಿಂದ ಪ್ಲಸ್ ಒಂದರ ಹತ್ತಿರದವರೆಗೆ ಬೇಕಾದ ಉತ್ತರ ತೆಗೆಯಬಹುದಾಗಿತ್ತು. ಒಬ್ಬ ಮತದಾರನೂ ಬದಲಾಗಿರಲಿಲ್ಲ, ಗೆರೆ ಮಾತ್ರ ಬದಲಾಗಿತ್ತು.

2022ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಎರಡನೇ ಜಾಗತಿಕ ಭೂಮಾಹಿತಿ ಸಮ್ಮೇಳನ ಹೈದರಾಬಾದಿನಲ್ಲಿ ನಡೆಯಿತು. ಯಾರನ್ನೂ ಹಿಂದೆ ಬಿಡಬಾರದು ಅನ್ನುವುದು ಅದರ ಆಶಯವಾಕ್ಯದ ಭಾಗ. ಅದೇ ವರ್ಷ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮಘಟ್ಟದ ಬಗ್ಗೆ ಇನ್ನೊಂದು ಕರಡು ಅಧಿಸೂಚನೆ ಹೊರಡಿಸಿತ್ತು. ಅದು ಐದನೆಯದು. ದೇಶದಲ್ಲಿ ಭೂಮಾಹಿತಿಯ ಹೆಸರಿನಲ್ಲಿ ಅಷ್ಟು ದೊಡ್ಡ ಹಬ್ಬ ನಡೆದಾಗ, ಅದರ ಅತಿ ಕಷ್ಟದ ಪಾಠ ಪಕ್ಕದ ಬೆಟ್ಟದಲ್ಲೇ ಕಾದು ಕೂತಿತ್ತು.

ಒಂಬತ್ತು ಕಿಲೋಮೀಟರ್ ಚೌಕ

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ರಚನೆಯಾಗಿದ್ದು 2010ರ ಮಾರ್ಚ್‌ನಲ್ಲಿ. ವರದಿ ಕೊಟ್ಟಿದ್ದು 2011ರ ಆಗಸ್ಟ್ ಕೊನೆಗೆ. ಅದು ಜನರ ಕೈಗೆ ಸಿಗಲು 2012ರ ಮೇ ತಿಂಗಳು ಬರಬೇಕಾಯಿತು. ಅದಕ್ಕೂ ಮಾಹಿತಿ ಹಕ್ಕಿನ ಹೋರಾಟ ಬೇಕಾಯಿತು.

ಈ ಸಮಿತಿ ಮೊದಲು ಘಟ್ಟ ಅಂದರೆ ಎಲ್ಲಿಂದ ಎಲ್ಲಿಯವರೆಗೆ ಅಂತ ಗೆರೆ ಹಾಕಿಕೊಂಡಿತು. ಕಾಡು ಮತ್ತು ಎತ್ತರ ನೋಡಿ ಹಾಕಿದ ಗೆರೆ ಅದು. ಒಟ್ಟು 1,29,037 ಚದರ ಕಿಲೋಮೀಟರ್. ತಾಪಿ ನದಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,490 ಕಿಲೋಮೀಟರ್ ಉದ್ದ.

ಆಮೇಲೆ ಅದರ ಮೇಲೆ ಚೌಕಗಳ ಜಾಲ ಹಾಸಿದರು. ಒಂದೊಂದು ಚೌಕ ಸುಮಾರು 9 ಕಿಲೋಮೀಟರ್ ಉದ್ದ, 9 ಕಿಲೋಮೀಟರ್ ಅಗಲ. ಇಂಥ ಚೌಕ ಸುಮಾರು 2,200. ಪ್ರತಿ ಚೌಕಕ್ಕೂ ಅಂಕ ಕೊಟ್ಟರು. ಬೇರೆಲ್ಲೂ ಇಲ್ಲದ ಗಿಡಗಳು ಎಷ್ಟಿವೆ, ನಿತ್ಯಹರಿದ್ವರ್ಣ ಕಾಡು ಎಷ್ಟಿದೆ, ನೆಲ ಎಷ್ಟು ಎತ್ತರ, ಎಷ್ಟು ಇಳಿಜಾರು, ಹೊಳೆ ಬದಿಯ ಕಾಡು ಇದೆಯಾ ಅಂತೆಲ್ಲ ನೋಡಿ ಸರಾಸರಿ ತೆಗೆದರು. ಒಂದು ರಾಜ್ಯದ ಚೌಕಗಳನ್ನು ಇನ್ನೊಂದು ರಾಜ್ಯದ ಜೊತೆ ಹೋಲಿಸಲಿಲ್ಲ. ಆಯಾ ರಾಜ್ಯದೊಳಗೇ ತೂಗಿ ನೋಡಿದರು. ಇಲ್ಲದಿದ್ದರೆ ಕೇರಳ ಮತ್ತು ಕರ್ನಾಟಕದ ದಟ್ಟ ಕಾಡಿನ ಮುಂದೆ ಉತ್ತರದ ಒಣ ಘಟ್ಟಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಒಂದು ಚೌಕ ಅಂದರೆ 81 ಚದರ ಕಿಲೋಮೀಟರ್, ಸುಮಾರು 20,000 ಎಕರೆ. ಮಲೆನಾಡಿನಲ್ಲಿ ಅಷ್ಟು ಜಾಗದಲ್ಲಿ ಏನೇನಿರುತ್ತದೆ ಯೋಚಿಸಿ. ಒಂದು ಪೇಟೆ, ಹತ್ತಾರು ಮಜಿರೆ, ಅಡಿಕೆ ತೋಟ, ಗದ್ದೆ ಬಯಲು, ಒಂದು ಶೋಲಾ ಕಾಡು, ಎರಡು ಹೊಳೆ, ಒಂದು ಕಲ್ಲು ಕ್ವಾರಿ. ಎಲ್ಲಕ್ಕೂ ಸೇರಿ ಒಂದೇ ಅಂಕ. ಮೇಲಾಗಿ ಚೌಕಕ್ಕೆ ಊರಿನ ಗಡಿಯೂ ಗೊತ್ತಿಲ್ಲ, ಹೊಳೆಯ ಹಾದಿಯೂ ಗೊತ್ತಿಲ್ಲ. ಆಡಳಿತಕ್ಕೆ ಅನುಕೂಲವಾಗಲಿ ಅಂತ ಕೊನೆಗೆ ತಾಲ್ಲೂಕುಗಳನ್ನು ಮೂರು ವಲಯಗಳಲ್ಲಿ ಹಂಚಿದರು. ಒಟ್ಟು 142 ತಾಲ್ಲೂಕು. ಮೊದಲ ವಲಯಕ್ಕೆ ಅತಿ ಬಿಗಿ ನಿಯಮ. ಹೊಸ ದೊಡ್ಡ ಅಣೆಕಟ್ಟು ಬೇಡ, ಗಣಿ ಬೇಡ, ರಾಸಾಯನಿಕ ಕೀಟನಾಶಕವನ್ನು 5 ವರ್ಷದಲ್ಲಿ ನಿಲ್ಲಿಸಬೇಕು. ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡ ಅಂತಲೂ ಸಮಿತಿ ಹೇಳಿತು.

ತಾಲ್ಲೂಕಿಗೆ ತಾಲ್ಲೂಕೇ ಒಂದು ವಲಯ ಅಂದಾಗ ಜನ ಬೆಚ್ಚಿದ್ದು ಸಹಜ. ಆದರೆ ವರದಿ ತನ್ನ ನಕ್ಷೆ ಒರಟು ಅಂತ ತಾನೇ ಒಪ್ಪಿಕೊಂಡಿತ್ತು. ಇದು ತಾತ್ಕಾಲಿಕ, ಮುಂದೆ ಊರಿನ ಗಡಿ ಮತ್ತು ಕಿರು ಜಲಾನಯನದ (ಒಂದು ಹಳ್ಳಕ್ಕೆ ನೀರು ಹರಿದು ಬರುವಷ್ಟು ಜಾಗದ) ಮಟ್ಟದಲ್ಲಿ ಸ್ಥಳೀಯರ ಜೊತೆ ಕೂತು ತಿದ್ದಬೇಕು ಅಂತ ಬರೆದಿತ್ತು. ಆ ಮಾತು ಸುದ್ದಿಯಾಗಲಿಲ್ಲ. ವರದಿ ಸಿಗದಿದ್ದ ಒಂಬತ್ತು ತಿಂಗಳಲ್ಲಿ ವದಂತಿ ಊರೂರು ಸುತ್ತಿ ಬಂದಿತ್ತು. ತಿದ್ದುವ ಹಂತಕ್ಕೆ ವಿಷಯ ಹೋಗಲೇ ಇಲ್ಲ.

ಐದೂಮುಕ್ಕಾಲು ಗುಂಟೆಯ ಚುಕ್ಕಿ

2012ರ ಆಗಸ್ಟ್‌ನಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಎರಡನೇ ಸಮಿತಿ ಬಂತು. 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಇಸ್ರೋದವರ ಕೈಗೆ ಕೆಲಸ ಹೋದರೆ ಉಪಗ್ರಹ ಚಿತ್ರ ಬರದೇ ಇರುತ್ತಾ? 24 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಬಳಸಿದರು. ಅಂದರೆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 576 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು ಐದೂಮುಕ್ಕಾಲು ಗುಂಟೆ. ಗಾಡ್ಗೀಳ್ ಸಮಿತಿಯ ಒಂದು ಚೌಕದೊಳಗೆ ಇಂಥ ಚುಕ್ಕಿ 1.4 ಲಕ್ಷ ಹಿಡಿಯುತ್ತವೆ.

ಇದನ್ನು ಕೇಳಿದರೆ ಎರಡನೇ ನಕ್ಷೆಯೇ ಸರಿಯಾದದ್ದು ಅನಿಸುತ್ತದೆ. ಅಷ್ಟು ಬೇಗ ಒಪ್ಪಬೇಡಿ.

ಮೊದಲನೆಯದಾಗಿ ಈ ಸಮಿತಿ ತೆಗೆದುಕೊಂಡ ಘಟ್ಟವೇ ಬೇರೆ. ಯೋಜನಾ ಆಯೋಗದ ಪಶ್ಚಿಮಘಟ್ಟ ಅಭಿವೃದ್ಧಿ ಕಾರ್ಯಕ್ರಮದ ತಾಲ್ಲೂಕುಗಳನ್ನು ಆಧಾರವಾಗಿ ಇಟ್ಟುಕೊಂಡಿತು. 188 ತಾಲ್ಲೂಕು, 1,64,280 ಚದರ ಕಿಲೋಮೀಟರ್. ಗಾಡ್ಗೀಳ್ ಗೆರೆಗಿಂತ 35,000 ಚದರ ಕಿಲೋಮೀಟರಿಗೂ ಜಾಸ್ತಿ. ಕಸ್ತೂರಿರಂಗನ್ ವರದಿ ಘಟ್ಟದ ಶೇ 37ರಷ್ಟನ್ನು ಮಾತ್ರ ಸೂಕ್ಷ್ಮ ಅಂತ ಗುರುತಿಸಿತು, ಗಾಡ್ಗೀಳ್ ಇಡೀ ಘಟ್ಟವನ್ನೇ ಮೂರು ಹಂತದಲ್ಲಿ ಸೂಕ್ಷ್ಮ ಅಂದರು ಅಂತ ಪಕ್ಕಪಕ್ಕದಲ್ಲಿಟ್ಟು ಹೇಳುತ್ತೇವೆ. ಎರಡೂ ಶೇಕಡಾ ಬೇರೆ ಬೇರೆ ಮೊತ್ತದ ಮೇಲೆ ಲೆಕ್ಕ ಹಾಕಿದ್ದು. ಈ ಹೋಲಿಕೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಎರಡನೆಯದು ಸೂಕ್ಷ್ಮ ಅನ್ನುವುದಕ್ಕೆ ಕೊಟ್ಟ ಅರ್ಥ. ಸಮಿತಿ ಘಟ್ಟವನ್ನು ಎರಡು ಭಾಗ ಮಾಡಿತು. ಜನವಸತಿ, ಹೊಲ, ತೋಟ ಇರುವ ಸುಮಾರು ಶೇ 60 ಭಾಗ ಒಂದು ಕಡೆ. ಕಾಡು ಇರುವ ಸುಮಾರು ಶೇ 40 ಭಾಗ ಇನ್ನೊಂದು ಕಡೆ. ಈ ಎರಡನೇ ಭಾಗದಲ್ಲಿ ಜೀವವೈವಿಧ್ಯ ಜಾಸ್ತಿ ಇರಬೇಕು, ಕಾಡು ತುಂಡಾಗಿರಬಾರದು, ಚದರ ಕಿಲೋಮೀಟರಿಗೆ ನೂರಕ್ಕಿಂತ ಕಡಿಮೆ ಜನ ಇರಬೇಕು. ಅಂಥ ಕಡೆ ಮತ್ತು ಸಂರಕ್ಷಿತ ಪ್ರದೇಶಗಳು ಸೇರಿ ಪಟ್ಟಿಗೆ ಬಂದವು. ಕೊನೆಯ ಷರತ್ತು ನನಗೆ ಇವತ್ತಿಗೂ ಇಷ್ಟವಾಗಿಲ್ಲ. ಒಂದು ಇಳಿಜಾರು ಎಷ್ಟು ನಾಜೂಕು ಅನ್ನುವುದನ್ನು ಅಲ್ಲಿ ಎಷ್ಟು ಮನೆಗಳಿವೆ ಅನ್ನುವುದರ ಮೇಲೆ ತೀರ್ಮಾನಿಸುವುದು ಹೇಗೆ? ವಿರೋಧ ಕಡಿಮೆ ಆಗಲಿ ಅಂತ ಹಾಕಿದ ಷರತ್ತು ಇರಬಹುದು, ಆಡಳಿತಕ್ಕೆ ಅದು ಬುದ್ಧಿವಂತಿಕೆಯೂ ಇರಬಹುದು. ಆದರೆ ನಕ್ಷೆಯ ಮೇಲೆ ಅದು ಪ್ರಕೃತಿಯ ಗುಣದಂತೆ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅಷ್ಟು ಸಣ್ಣ ಚುಕ್ಕಿಗಳಲ್ಲಿ ಕೆಲಸ ಮಾಡಿದ ಸಮಿತಿ ಕೊನೆಗೆ ಅವನ್ನೆಲ್ಲ ಊರಿನ ಗಡಿಯೊಳಗೆ ಸುರಿಯಿತು. ಒಂದು ಊರಿನ ಜಾಗದಲ್ಲಿ ಶೇ 20 ಅಥವಾ ಅದಕ್ಕಿಂತ ಜಾಸ್ತಿ ಸೂಕ್ಷ್ಮ ಅಂತ ಬಂದರೆ ಇಡೀ ಊರು ಪಟ್ಟಿಗೆ. ಒಂದು ಉದಾಹರಣೆ ಇಟ್ಟುಕೊಳ್ಳಿ. 1,000 ಎಕರೆಯ ಊರು, 200 ಎಕರೆ ಕಾಡು. ಊರು ಪೂರ್ತಿ ಒಳಗೆ. ಪಕ್ಕದ ಊರು 3,000 ಎಕರೆ, ಅದರಲ್ಲಿ 590 ಎಕರೆ ಕಾಡು. ಹೆಚ್ಚುಕಡಿಮೆ ಮೂರು ಪಟ್ಟು ಕಾಡಿದ್ದರೂ ಶೇ 20 ದಾಟದ ಕಾರಣ ಪೂರ್ತಿ ಹೊರಗೆ. 24 ಮೀಟರ್ ಚುಕ್ಕಿಯ ನಿಖರತೆ ಈ ಒಂದು ನಿಯಮದಲ್ಲಿ ಕರಗಿಹೋಯಿತು. ಓಪನ್‌ಶಾ ತೋರಿಸಿದ್ದು ಇದನ್ನೇ.

ಮಲೆನಾಡಿನ ಕಂದಾಯ ಗ್ರಾಮಗಳು ಬಯಲುಸೀಮೆಯ ಊರಿನಂತಲ್ಲ ಅನ್ನುವುದೂ ಇಲ್ಲಿ ಮುಖ್ಯ. ಒಂದು ಮೂಲೆಯಲ್ಲಿ ನಾಲ್ಕೈದು ಮನೆ, ಇನ್ನೊಂದು ಮೂಲೆಯಲ್ಲಿ ಮತ್ತೆ ಹತ್ತು ಮನೆ, ನಡುವೆ ದೊಡ್ಡ ಅರಣ್ಯದ ಸರ್ವೆ ನಂಬರ್. ಕಾಡಿನಿಂದಾಗಿ ಊರು ಪಟ್ಟಿಗೆ ಸೇರುತ್ತದೆ. ಚಿಂತೆ ಮಾಡುವವರು ಮಾತ್ರ ಮೂಲೆಯ ಮನೆಯವರು.

ಕರ್ನಾಟಕದಲ್ಲಿ ಹೀಗೆ ಪಟ್ಟಿಗೆ ಬಂದದ್ದು ಹತ್ತು ಜಿಲ್ಲೆಗಳ 1,576 ಊರುಗಳು, 20,668 ಚದರ ಕಿಲೋಮೀಟರ್. ಆರು ರಾಜ್ಯಗಳಲ್ಲಿ ನಮ್ಮದೇ ದೊಡ್ಡ ಪಾಲು. ರಾಜ್ಯದ ಘಟ್ಟ ಪ್ರದೇಶದ ಶೇ 46ಕ್ಕೂ ಜಾಸ್ತಿ. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಊರುಗಳೇ ಅದರಲ್ಲಿ ಹೆಚ್ಚು.

ಪಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದರ ಬಗ್ಗೆಯೂ ಗೊಂದಲ ಬೇಕಾದಷ್ಟಿದೆ. ಈ ವರದಿಯ ಆಧಾರದ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ನಿಷೇಧ ಇರುವುದು ಗಣಿಗಾರಿಕೆ, ಕಲ್ಲು ಮತ್ತು ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಮತ್ತು ಹೊಸ ಟೌನ್‌ಶಿಪ್‌ಗಳಿಗೆ. ತೋಟ ಮಾಡಬಾರದು, ಮನೆ ರಿಪೇರಿ ಮಾಡಬಾರದು ಅಂತ ಅದರಲ್ಲಿಲ್ಲ. ಆದರೂ ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯ ಹೋಗಿಲ್ಲ. ಜನರನ್ನು ದಡ್ಡರು ಅನ್ನಬೇಡಿ. ತನ್ನ ಜಾಗ ನಕ್ಷೆಯಲ್ಲಿ ಎಲ್ಲಿದೆ ಅಂತಲೇ ಕಾಣದವನು ಇನ್ನೇನು ಮಾಡಬೇಕು? ಅವನಿಗೆ ಸಿಕ್ಕಿದ್ದು ಊರಿನ ಹೆಸರಿನ ಪಟ್ಟಿ.

ಆಕಾಶದಿಂದ ಕಾಣದ್ದು

ಉಪಗ್ರಹದ ಕಣ್ಣಿಗೆ ಹಸಿರು ಕಾಣುತ್ತದೆ, ಹಕ್ಕುಪತ್ರ ಕಾಣುವುದಿಲ್ಲ. ಘಟ್ಟದ ಕನ್ನಡಿಗರಿಗೆ ಇದು ತುಂಬ ಹತ್ತಿರದ ವಿಷಯ.

ಕೊಡಗಿನ ಕಾಫಿ ತೋಟವನ್ನೇ ನೋಡಿ. ಕಾಫಿ ಗಿಡ ಕೆಳಗೆ, ಮೇಲೆ ನೆರಳಿಗೆ ಕಾಡುಮರ. ಮೇಲಿನಿಂದ ಅದು ಕಾಡಿನ ಹಾಗೇ ಕಾಣುತ್ತದೆ. 24 ಮೀಟರ್ ಚಿತ್ರದಲ್ಲಿ ಎರಡನ್ನೂ ಬೇರೆ ಮಾಡುವುದು ಸುಲಭವಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಇನ್ನೊಂದು ಬಗೆ. ಅಡಿಕೆ ತೋಟದವರಿಗೆ ಸೊಪ್ಪು, ದರಕು, ಕಟ್ಟಿಗೆಗೆಂದು ಬಿಟ್ಟ ಕಾಡು ಅದು. ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಸಿಕ್ಕಿದ್ದುಂಟು. ಕಾಗದದಲ್ಲಿ ಸರ್ಕಾರದ್ದು, ಬಳಕೆಯಲ್ಲಿ ತೋಟದವರದ್ದು. ಹೀಗೆ ಜನರ ಬಳಕೆಯಲ್ಲಿರುವ ಜಾಗಗಳು ಬೇರೆ ಕಡೆಯೂ ಇವೆ: ದಕ್ಷಿಣ ಕನ್ನಡಕ್ಕೆ ಬಂದರೆ ಕುಮ್ಕಿ, ಕೊಡಗಿಗೆ ಹೋದರೆ ಬಾಣೆ, ಶಿವಮೊಗ್ಗದ ಕಡೆ ಕಾನು. ಒಂದೊಂದಕ್ಕೂ ಬೇರೆ ಚರಿತ್ರೆ, ಬೇರೆ ಹಕ್ಕು. ನಕ್ಷೆಯ ಬಣ್ಣದಲ್ಲಿ ಎಲ್ಲವೂ ಒಂದೇ ಹಸಿರು.

ಇದರ ಉಲ್ಟಾ ಕಥೆಯೂ ಇದೆ. ಕೊಡಗಿನಲ್ಲಿ ದೇವರಕಾಡುಗಳು ಸಾವಿರಕ್ಕೂ ಹೆಚ್ಚಿವೆ. ಹಲವು ಬರೀ ಒಂದೆರಡು ಎಕರೆಯವು. ಹಳೆಯ ಮರ, ಅಪರೂಪದ ಗಿಡ ಅಲ್ಲಿ ಉಳಿದಿವೆ. ಜರಡಿಯ ಕಣ್ಣು ದೊಡ್ಡದಾದಷ್ಟೂ ಸಣ್ಣ ಕಾಳು ಕೆಳಗೆ ಬಿದ್ದುಹೋಗುವ ಹಾಗೆ, 9 ಕಿಲೋಮೀಟರ್ ಚೌಕದಲ್ಲಿ ಇವು ಲೆಕ್ಕಕ್ಕೇ ಸಿಗುವುದಿಲ್ಲ. ಎರಡನೇ ನಕ್ಷೆಯಲ್ಲಿ ಸುತ್ತಲೂ ತೋಟ ಇರುವ ಕಾರಣ ಇವು ತುಂಡು ಕಾಡು ಅನ್ನಿಸಿಕೊಳ್ಳುತ್ತವೆ. ಜನ ತಾವಾಗಿಯೇ ಕಾಪಾಡಿಕೊಂಡು ಬಂದ ಕಾಡು ಎರಡೂ ವಿಧಾನದಲ್ಲಿ ಹಿಂದೆ ಬಿತ್ತು.

ಹಾಗಾದರೆ ಸರ್ವೆ ನಂಬರಿಗೇ ಇಳಿಯೋಣವಾ?

ಕೇರಳ ಹಾಗೇ ಮಾಡಿತು. ಕಸ್ತೂರಿರಂಗನ್ ವರದಿಯ ಪ್ರಕಾರ ಅಲ್ಲಿ 123 ಊರು, 13,108 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ. ಇಡುಕ್ಕಿ, ವಯನಾಡು ಕಡೆ ದೊಡ್ಡ ಗಲಾಟೆಯಾಯಿತು. ರಾಜ್ಯ ಸರ್ಕಾರ ತನ್ನದೇ ಸಮಿತಿ ಮಾಡಿ, ಪಂಚಾಯಿತಿ ಮಟ್ಟದಲ್ಲಿ ಸ್ಥಳ ನೋಡಿ, ಕಂದಾಯ ನಕ್ಷೆಯ ಮೇಲೆ ಮನೆ ಮತ್ತು ತೋಟಗಳನ್ನು ಬಿಟ್ಟು ಗೆರೆ ಹಾಕಿತು. ಮೊತ್ತ 9,993.7 ಚದರ ಕಿಲೋಮೀಟರಿಗೆ ಇಳಿಯಿತು. ಅದರಲ್ಲಿ 9,107 ಚದರ ಕಿಲೋಮೀಟರ್ ಅರಣ್ಯವೇ. ಅರಣ್ಯದ ಹೊರಗೆ ಉಳಿದಿದ್ದು 886.7 ಮಾತ್ರ. ಕೇಂದ್ರ ಇದನ್ನು ಒಪ್ಪಿ ಕರಡಿನಲ್ಲಿ ಸೇರಿಸಿತು. ಹಾಗಾಗಿಯೇ ಆರು ರಾಜ್ಯಗಳ ಮೊತ್ತ 59,940ರಿಂದ ಸುಮಾರು 56,825 ಚದರ ಕಿಲೋಮೀಟರಿಗೆ ಬಂದಿದೆ.

ವಿಧಾನದ ದೃಷ್ಟಿಯಿಂದ ಕೇರಳದ ಕೆಲಸ ಉಳಿದವರಿಗಿಂತ ಮುಂದೆ. ಕನಿಷ್ಠ ನೆಲಕ್ಕೆ ಹೋಗಿ ನೋಡಿದರು. ಆದರೆ ನೆಲಕ್ಕೆ ಹೋದ ಸಮಿತಿಯ ಮುಂದೆ ಇದ್ದ ಪ್ರಶ್ನೆ ಒಂದೇ: ಯಾವುದನ್ನು ಬಿಡಬೇಕು? ಬಿಟ್ಟುಹೋಗಿದ್ದನ್ನು ಸೇರಿಸಬೇಕಾ ಅಂತ ಕೇಳಲು ಯಾರೂ ಅವರನ್ನು ಕಳಿಸಿರಲಿಲ್ಲ. ಉಳಿದಿದ್ದು ಹೆಚ್ಚುಕಡಿಮೆ ಅರಣ್ಯ ಇಲಾಖೆಯ ಗಡಿ. ಅದನ್ನು ಕಾಯಲು ಬೇರೆ ಕಾನೂನು ಮೊದಲೇ ಇತ್ತು.

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಮರುದಿನ, ಜುಲೈ 31ರಂದು, ಆರನೇ ಕರಡು ಅಧಿಸೂಚನೆ ಹೊರಬಿತ್ತು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರದಿಂದ ತೋರಿಸಿದ್ದು ಇಷ್ಟು. ಕುಸಿತ ಶುರುವಾಗಿದ್ದು ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ. ಜಾರಿದ್ದು ಸುಮಾರು 86,000 ಚದರ ಮೀಟರ್, ಅಂದರೆ ಇಪ್ಪತ್ತೊಂದು ಎಕರೆ. ಆದರೆ ಮಣ್ಣು, ಬಂಡೆ, ನೀರು ಹೊಳೆಯ ಹಾದಿಯಲ್ಲಿ ಹರಿದದ್ದು ಸುಮಾರು 8 ಕಿಲೋಮೀಟರ್.

ಈ ಅಂಕಿಗಳನ್ನು ನಕ್ಷೆಯ ಪ್ರಶ್ನೆಯ ಜೊತೆ ಇಟ್ಟು ನೋಡಿ. ಕುಸಿದ ಜಾಗ ಮೇಲೆ, ಸತ್ತವರು ಕೆಳಗೆ. ನಡುವೆ ಇರುವುದು ಒಂದು ಹೊಳೆ. ಆ ಹೊಳೆಗೆ ಊರಿನ ಗಡಿ ಗೊತ್ತಿಲ್ಲ, ಸರ್ವೆ ನಂಬರ್ ಗೊತ್ತಿಲ್ಲ, ಶೇ 20ರ ನಿಯಮವೂ ಗೊತ್ತಿಲ್ಲ. ಮೇಲಿನ ಕಾಡನ್ನು ಪಟ್ಟಿಗೆ ಸೇರಿಸಿ ಕೆಳಗಿನ ಮನೆಗಳನ್ನು ಬಿಟ್ಟರೆ ಕಾಗದದ ಮೇಲೆ ಜನರಿಗೆ ಅನುಕೂಲ ಮಾಡಿದಂತೆ. ಅಪಾಯದ ಲೆಕ್ಕದಲ್ಲಿ ಅವರನ್ನು ಕೈಬಿಟ್ಟಂತೆ. ಅಂಥ ಮನೆಯನ್ನು ಗಣಿ ನಿಷೇಧದ ಪಟ್ಟಿಗೆ ಸೇರಿಸಿದರೂ ಪ್ರಯೋಜನ ಕಮ್ಮಿಯೇ. ಅದಕ್ಕೆ ಬೇಕಾಗಿದ್ದು ಮಳೆಯ ಮುನ್ಸೂಚನೆ ಮತ್ತು ಮಳೆಗಾಲದಲ್ಲಿ ಹೋಗಿ ಇರಲು ಇನ್ನೊಂದು ಜಾಗ.

ಎರಡು ವಾರ ಮೊದಲು, ಜುಲೈ 16ರಂದು, ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಅಲ್ಲಿನ ಕಥೆ ಬೇರೆ. ಅದು ಎತ್ತರದ ಘಟ್ಟದ ತುದಿ ಅಲ್ಲ, ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ. ರಸ್ತೆಗಾಗಿ ಕಡಿದ ಇಳಿಜಾರು. ಮಣ್ಣು ಗಂಗಾವಳಿ ನದಿಗೆ ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆ ಊರಿಗೂ ಹಾನಿಯಾಯಿತು. ಇಂಥ ಜಾಗವನ್ನು ಜೀವವೈವಿಧ್ಯದ ಅಂಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ರಸ್ತೆಯ ಅಂಚನ್ನು ಮೀಟರ್ ಮೀಟರ್ ಅಳೆಯಬೇಕು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಗುಡ್ಡಗಾಡಿನ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಅಳತೆ 1:50,000. ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ 50 ಮೀಟರ್. ಯಾವ ತಾಲ್ಲೂಕಿನ ಯಾವ ಭಾಗದಲ್ಲಿ ಹುಷಾರಾಗಿರಬೇಕು ಅಂತ ಅದು ಚೆನ್ನಾಗಿ ಹೇಳುತ್ತದೆ. ಈ ಮನೆಯ ಹಿಂದಿನ ಮಣ್ಣಿನ ಬರೆ ಬೀಳುತ್ತದಾ ಅಂತ ಅದನ್ನು ಕೇಳಬಾರದು. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಆ ಮನೆ ಮುಚ್ಚಿಹೋಗುತ್ತದೆ. 2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಮನೆ ಕಳೆದುಕೊಂಡವರಿಗೆ ಬೇಕಾಗಿದ್ದ ಉತ್ತರ ಆ ಗೆರೆಯ ಅಡಿಯಲ್ಲಿತ್ತು.

ಹೀಗೆ ನೋಡಿದರೆ ನಾವು ಮೂರು ನಾಲ್ಕು ಬೇರೆ ಪ್ರಶ್ನೆಗಳನ್ನು ಒಂದೇ ಪಟ್ಟಿಯಲ್ಲಿ ತುರುಕಲು ಹೋಗಿದ್ದೇವೆ. ಕಲ್ಲು ಕ್ವಾರಿಗೆ ಅನುಮತಿ ಕೊಡಬೇಕಾ ಬೇಡವಾ ಅನ್ನುವುದಕ್ಕೆ ಸರ್ವೆ ನಂಬರ್ ಮತ್ತು ಅದರ ಸುತ್ತಲಿನ ಜಾಗ ಬೇಕು. ಆನೆ ದಾರಿಗೆ ಜಿಲ್ಲೆಗಳನ್ನು ದಾಟುವ ಉದ್ದನೆಯ ಕಾಡಿನ ತುಂಡು ಬೇಕು. ಭೂಕುಸಿತಕ್ಕೆ ಹಳ್ಳದ ತಲೆಯಿಂದ ಬುಡದವರೆಗಿನ ಜಲಾನಯನ ಬೇಕು. ದೇವರಕಾಡಿಗೆ ಒಂದೊಂದೇ ಕಾಡಿನ ಗಡಿ ಸಾಕು. ಊರನ್ನೇ ಘಟಕವಾಗಿ ಆರಿಸಿದ್ದು ಪ್ರಕೃತಿಯನ್ನು ಕೇಳಿ ಅಲ್ಲ. ಜನಗಣತಿಯ ಮಾಹಿತಿ ಊರಿನ ಲೆಕ್ಕದಲ್ಲಿ ಸಿಗುತ್ತದೆ, ಗೆಜೆಟ್‌ನಲ್ಲಿ ಹೆಸರು ಬರೆಯಲು ಸುಲಭ. ಅಷ್ಟೇ ಕಾರಣ.

ಈಗ ಏನು ಮಾಡಬಹುದು

ಕರ್ನಾಟಕ ಸಚಿವ ಸಂಪುಟ 2024ರ ಸೆಪ್ಟೆಂಬರ್ 26ರಂದು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹಿಂದೆಯೂ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಇದನ್ನೇ ಮಾಡಿದ್ದವು. ಈ ಒಂದು ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಎಂಥ ಒಗ್ಗಟ್ಟು! 2014ರ ಮಾರ್ಚ್‌ನಿಂದ ಆರು ಕರಡು ಬಂದಿವೆ. ಬರುವುದು, ಆಕ್ಷೇಪಣೆ ಕರೆಯುವುದು, ಅವಧಿ ಮುಗಿಯುವುದು, ಮತ್ತೆ ಹೊಸ ಕರಡು.

ಬೇಡ ಅನ್ನುವ ಹಕ್ಕು ರಾಜ್ಯಕ್ಕಿದೆ. ಆದರೆ ಬೇಡ ಅಂದಮೇಲೆ ನಮ್ಮದೇ ನಕ್ಷೆ ಎಲ್ಲಿ ಅಂತ ಕೇಳಬೇಕಾಗುತ್ತದೆ. ಅದನ್ನು ಮಾಡಲು ಬೇಕಾದ ಸಾಮಾನು ನಮ್ಮಲ್ಲಿ ಇಲ್ಲ ಅನ್ನುವ ಹಾಗಿಲ್ಲ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರದ ಹತ್ತಿರ ಕೆ-ಜಿಐಎಸ್ ಇದೆ. ದಿಶಾಂಕ್ ಆ್ಯಪ್ ಇದೆ. ಜಾಗದಲ್ಲಿ ನಿಂತು ಮೊಬೈಲ್ ತೆರೆದರೆ ಅದು ಸರ್ವೆ ನಂಬರ್ ತೋರಿಸುತ್ತದೆ. ಗುರುತು ಸ್ವಲ್ಪ ಅತ್ತಿತ್ತ ಸರಿದಿರಬಹುದು, ಕೋರ್ಟಿನಲ್ಲಿ ಅದು ದಾಖಲೆ ಆಗುವುದಿಲ್ಲ, ಆದರೆ ಮಾತುಕತೆಗೆ ಸಾಕು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ದೇಶದಲ್ಲಿ ಇಷ್ಟು ದಟ್ಟವಾಗಿ ಮಳೆ ಅಳೆಯುವ ರಾಜ್ಯಗಳು ಕಡಿಮೆ. ಕೇಂದ್ರ ಸರ್ಕಾರವೂ 2021ರ ಫೆಬ್ರುವರಿಯಲ್ಲಿ ನಕ್ಷೆ ಮಾಡಲು ಮೊದಲೇ ಅನುಮತಿ ಪಡೆಯಬೇಕು ಅನ್ನುವ ಹಳೆಯ ಕಟ್ಟುಪಾಡನ್ನು ತೆಗೆಯಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಮಾಹಿತಿ ನೀತಿ ಬಂತು. ಕಾಲೇಜಿನ ಹುಡುಗರು ಉಚಿತ ಸಾಫ್ಟ್‌ವೇರ್ ಇಟ್ಟುಕೊಂಡು ತಮ್ಮ ಪಂಚಾಯಿತಿಯ ಇಳಿಜಾರು ನಕ್ಷೆ ಮಾಡುವ ಕಾಲ ಇದು.

ಮೊದಲ ಕೆಲಸ ತುಂಬ ಸಣ್ಣದು. 1,576 ಊರುಗಳಲ್ಲಿ ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿ. ಊರಿನ ಗಡಿ, ಸರ್ವೆ ನಂಬರ್, ಕಸ್ತೂರಿರಂಗನ್ ಸಮಿತಿ ಸೂಕ್ಷ್ಮ ಅಂದ ಚುಕ್ಕಿಗಳು, ಹಳ್ಳ, ಇಳಿಜಾರು. ಯಾವ ಚುಕ್ಕಿ ಯಾವ ಕಾರಣಕ್ಕೆ ಬಂತು ಅನ್ನುವುದು ಕನ್ನಡದಲ್ಲಿ. ಎಲ್ಲಿ ತಪ್ಪಿರಬಹುದು ಅನ್ನುವುದೂ ಅದೇ ಹಾಳೆಯಲ್ಲಿ. ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಗ್ರಾಮಸಭೆಯಲ್ಲಿ ಎರಡು ಪಟ್ಟಿ ಬರೆಯಲಿ. ಇಲ್ಲಿ ಕಾಡು ಅಂತ ತೋರಿಸಿದ್ದು ನಮ್ಮ ತೋಟ ಅಂತ ಒಂದು. ಇಲ್ಲಿ ಏನೂ ತೋರಿಸಿಲ್ಲ, ಆದರೆ ಪ್ರತಿ ಮಳೆಗಾಲ ಬಿರುಕು ಬಿಡುತ್ತದೆ ಅಂತ ಇನ್ನೊಂದು. ಕೇರಳದಲ್ಲಿ ಮೊದಲನೆಯದು ಮಾತ್ರ ಆಯಿತು. ಎರಡನೆಯದನ್ನೂ ಕೇಳುವ ನಿಯಮ ಹಾಕದಿದ್ದರೆ ಇಲ್ಲೂ ಹಾಗೇ ಆಗುತ್ತದೆ.

ಇದಕ್ಕೆ ಅಡ್ಡಿಗಳಿವೆ. ಕ್ವಾರಿ, ರೆಸಾರ್ಟ್, ರಸ್ತೆ ಗುತ್ತಿಗೆ ಇರುವ ಊರಿನಲ್ಲಿ ಗ್ರಾಮಸಭೆ ಎಷ್ಟು ಸ್ವತಂತ್ರವಾಗಿ ಮಾತಾಡುತ್ತದೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಿರುಕು ಬಿಟ್ಟ ಜಾಗ ಅಂತ ದಾಖಲಾದರೆ ಸಾಲ ಸಿಗುವುದಿಲ್ಲ, ಜಾಗಕ್ಕೆ ಬೆಲೆ ಬರುವುದಿಲ್ಲ ಅನ್ನುವ ಹೆದರಿಕೆಯೂ ಸುಳ್ಳಲ್ಲ. ಸೂಕ್ಷ್ಮ ಅಂತ ಒಪ್ಪಿಕೊಂಡ ಊರಿಗೆ ಪರಿಹಾರವೋ ಪ್ರೋತ್ಸಾಹಧನವೋ ಏನೂ ಇಲ್ಲದಿದ್ದರೆ ಎರಡನೇ ಪಟ್ಟಿ ಖಾಲಿಯೇ ಬರಬಹುದು. ಹಣದ ಮಾತು ಕಸ್ತೂರಿರಂಗನ್ ವರದಿಯಲ್ಲೂ ಇತ್ತು, ಕರಡುಗಳ ಗದ್ದಲದಲ್ಲಿ ಅದು ಮೇಲೆ ಬರಲಿಲ್ಲ. 2022ರಲ್ಲಿ ನಿವೃತ್ತ ಅರಣ್ಯ ಮಹಾನಿರ್ದೇಶಕ ಸಂಜಯ್ ಕುಮಾರ್ ಅವರ ನೇತೃತ್ವದಲ್ಲಿ ಕೇಂದ್ರ ಇನ್ನೊಂದು ಸಮಿತಿ ಮಾಡಿ, ರಾಜ್ಯಗಳ ಜೊತೆ ಮಾತಾಡಲು ಹೇಳಿದೆ. ಆ ಮಾತುಕತೆಯಲ್ಲಿ ಕರ್ನಾಟಕ ಎಷ್ಟು ಊರು ಬಿಡಬೇಕು ಅನ್ನುವ ಚೌಕಾಸಿಗೆ ಕೂತರೆ ಏಳನೇ ಕರಡೂ ಹೀಗೇ ಬರುತ್ತದೆ. ಯಾವ ಪ್ರಶ್ನೆಗೆ ಯಾವ ಗಡಿ ಅಂತ ಕೇಳಲು, ಪ್ರತಿ ಊರಿನ ಆ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಬೇಕು.